ಕೀವು ನಿಂತಿತು, ಸೋಂಕು ಹೋಯಿತೇ?

ಪ್ರಶ್ನೆ: ನನಗೆ 31 ವರ್ಷ. ಕೆಲಸದ ಮೇಲೆ ಊರೂರು ತಿರುಗುತ್ತೇನೆ. ಐದು ವಾರಗಳ ಹಿಂದೆ ಪರಸ್ಥಳದಲ್ಲಿ ಪರಿಚಯವಾದ ಒಬ್ಬರೊಂದಿಗೆ ಕಾಂಡೋಮ್ ಇಲ್ಲದೆ ಸಂಪರ್ಕವಾಯಿತು. ನಾಲ್ಕನೆಯ ದಿನ ಮೂತ್ರ ಮಾಡುವಾಗ ತಡೆಯಲಾರದ ಉರಿ, ಒಳಉಡುಪಿನಲ್ಲಿ ಹಳದಿ ಕೀವು. ಔಷಧ ಅಂಗಡಿಯಲ್ಲಿ ಹೇಳಿದಾಗ ಸಿಪ್ರೊಫ್ಲಾಕ್ಸಾಸಿನ್ ಮತ್ತು ಟಿನಿಡಜೋಲ್ ಸೇರಿದ ಮಾತ್ರೆಯನ್ನು ಐದು ದಿನಕ್ಕೆ ಕೊಟ್ಟರು. ಕೀವು ಕಡಿಮೆಯಾಯಿತು. ವಾಸಿಯಾಯಿತೆಂದು ತಿಳಿದು ಹೆಂಡತಿಯೊಂದಿಗೂ ಒಮ್ಮೆ ಕೂಡಿದೆ. ಅವಳು ಏಳು ತಿಂಗಳ ಗರ್ಭಿಣಿ. ಸೀಮಂತ ಮುಗಿಸಿಕೊಂಡು ತವರಿಗೆ ಹೋಗಿದ್ದಾಳೆ. ಈಗ ಬೆಳಗ್ಗೆ ಎದ್ದಾಗ ತುದಿಯಲ್ಲಿ ಅಂಟಂಟಾದ ಒಂದು ಹನಿ ಕಾಣುತ್ತದೆ, ಸಣ್ಣಗೆ ಉರಿಯೂ ಇದೆ. ಮೂತ್ರ ಪರೀಕ್ಷೆ ಮಾಡಿಸಿದೆ, ‘ಬೆಳವಣಿಗೆ ಇಲ್ಲ’ ಎಂದು ವರದಿ ಬಂದಿದೆ. ಅದೇ ಮಾತ್ರೆಯನ್ನು ಇನ್ನೊಂದು ಸುತ್ತು ತೆಗೆದುಕೊಳ್ಳಲೇ? ಇಂಜೆಕ್ಷನ್ ಬೇಕೇ? ಹೆಂಡತಿಗೆ ವಿಷಯ ತಿಳಿಸದೆ, ವಿಟಮಿನ್ ಎಂದು ಹೇಳಿ ಮಾತ್ರೆ ಕೊಡಬಹುದೇ? (ಹೆಸರು, ಊರು ಬೇಡ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಕೂಡದು. ಕಾರಣವನ್ನು ಮುಂದೆ ಹೇಳುತ್ತೇನೆ. ಅದೇ ಮಾತ್ರೆಯ ಎರಡನೆಯ ಸುತ್ತೂ ಬೇಡ. ಇಂಜೆಕ್ಷನ್ ಬಹುಮಟ್ಟಿಗೆ ಬೇಕಾಗುತ್ತದೆ, ಆದರೆ ಅದೊಂದರಿಂದಲೇ ಕೆಲಸ ಮುಗಿಯದೆ ಇರಬಹುದು.

ನಿಮ್ಮ ಕಥೆಯಲ್ಲಿ ದಿನಗಳ ಲೆಕ್ಕವೇ ಅರ್ಧ ರೋಗನಿದಾನ. ಸಂಪರ್ಕವಾಗಿ ಎರಡರಿಂದ ಐದು ದಿನಗಳೊಳಗೆ ದಪ್ಪ ಹಳದಿ ಕೀವು, ಜೋರಾದ ಉರಿ ಎಂದರೆ ಮೊದಲ ಅನುಮಾನ ಗೊನೊರಿಯಾದ ಮೇಲೆ. ಹಿಂದಿನವರು ಒಟ್ಟಾರೆಯಾಗಿ ‘ಮೇಹ’ ಎನ್ನುತ್ತಿದ್ದ ಕಾಯಿಲೆಗಳಲ್ಲಿ ಇದೂ ಸೇರಿತ್ತು. ಈಗ ಬೆಳಗ್ಗೆ ಕಾಣುವ ತೆಳು ಹನಿಯ ಸ್ವಭಾವ ಬೇರೆ. ಒಂದರಿಂದ ಮೂರು ವಾರ ಕಳೆದ ಮೇಲೆ ನಿಧಾನವಾಗಿ ತಲೆ ಎತ್ತುವ, ನೀರಿನಂಥ ಅಥವಾ ಮಾಸಲು ಸ್ರಾವ ಕೊಡುವ ಸೋಂಕುಗಳಲ್ಲಿ ಕ್ಲಮಿಡಿಯಾ ಮುಖ್ಯವಾದದ್ದು. ಗೊನೊರಿಯಾ ಇರುವವರಲ್ಲಿ ಅನೇಕರಿಗೆ ಕ್ಲಮಿಡಿಯಾವೂ ಅದೇ ರಾತ್ರಿ, ಅದೇ ದಾರಿಯಲ್ಲಿ ಬಂದಿರುತ್ತದೆ. ಮೊದಲನೆಯದರ ಅಬ್ಬರದಲ್ಲಿ ಎರಡನೆಯದು ಕಾಣುವುದಿಲ್ಲ. ಅಬ್ಬರ ಇಳಿದ ಮೇಲೆ ಉಳಿದ ಹನಿ ಎರಡನೆಯದರದ್ದೋ, ಅರ್ಧ ಸತ್ತ ಮೊದಲನೆಯದರದ್ದೋ ಎಂದು ಕಣ್ಣಿನಿಂದ ಹೇಳಲಾಗದು. ನಿಮ್ಮಲ್ಲಿ ಎರಡೂ ಉಳಿದಿರಬಹುದು ಎಂದೇ ಹಿಡಿದು ಮುಂದೆ ಹೋಗಬೇಕು.

ಹಾಗಿದ್ದರೆ ಕೀವು ಏಕೆ ಕಡಿಮೆಯಾಯಿತು? ಔಷಧ ಅಂಗಡಿಯ ಮಾತ್ರೆಗೆ ಜನ ನಿಷ್ಠರಾಗುವುದು ಈ ಒಂದು ಕಾರಣಕ್ಕೇ. ಟಿನಿಡಜೋಲ್ ಗೊನೊರಿಯಾದ ರೋಗಾಣುವನ್ನೂ ಕ್ಲಮಿಡಿಯಾವನ್ನೂ ಮುಟ್ಟುವುದಿಲ್ಲ. ಅದರ ಕೆಲಸ ಟ್ರೈಕೊಮೊನಾಸ್ ಎಂಬ ಬೇರೆ ಜೀವಿಯ ಮೇಲೆ, ಮತ್ತು ಆಮ್ಲಜನಕ ಇಲ್ಲದ ಕಡೆ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ಮೇಲೆ. ಸಿಪ್ರೊಫ್ಲಾಕ್ಸಾಸಿನ್ ಒಂದು ಕಾಲದಲ್ಲಿ ಗೊನೊರಿಯಾಕ್ಕೆ ರಾಮಬಾಣವಾಗಿತ್ತು. ನಾನು ಹೌಸ್ ಸರ್ಜನ್ ಆಗಿದ್ದಾಗ 500 ಮಿಲಿಗ್ರಾಂನ ಒಂದೇ ಮಾತ್ರೆ ನುಂಗಿಸಿ, ಮೂರನೆಯ ದಿನ ರೋಗಿ ನಗುತ್ತಾ ಬರುವುದನ್ನು ನೋಡಿದ್ದೇನೆ. ಇಂದು ಭಾರತದಲ್ಲಿ ಸಿಗುವ ಗೊನೊರಿಯಾದ ತಳಿಗಳಲ್ಲಿ ಬಹುಪಾಲಿನವು ಅದಕ್ಕೆ ಜಗ್ಗುವುದಿಲ್ಲ. ಜೊತೆಗೆ, ಚಿಕಿತ್ಸೆಯೇ ಇಲ್ಲದಿದ್ದರೂ ಕೆಲವು ವಾರಗಳಲ್ಲಿ ಗೊನೊರಿಯಾದ ಕೀವು ತಾನಾಗಿ ಇಳಿಯುವುದುಂಟು. ದೇಹ ಹೋರಾಡಿ ಸ್ರಾವವನ್ನು ತಗ್ಗಿಸುತ್ತದೆ, ರೋಗಾಣು ಮಾತ್ರ ಒಳಗೆ ಉಳಿಯುತ್ತದೆ, ಇನ್ನೊಬ್ಬರಿಗೆ ಹರಡುತ್ತದೆ. ಆ ಯಶಸ್ಸನ್ನು ಮಾತ್ರೆಯ ಖಾತೆಗೆ ಬರೆದುಬಿಡುತ್ತೇವೆ.

ಈ ರೋಗಾಣು ಎಷ್ಟು ಜಾಣ ಎಂಬುದಕ್ಕೆ ಅದರ ಚರಿತ್ರೆಯನ್ನು ಸ್ವಲ್ಪ ನೋಡಿ. 1879ರಲ್ಲಿ ಜರ್ಮನಿಯ ಆಲ್ಬರ್ಟ್ ನೈಸರ್ ಅದನ್ನು ಗುರುತಿಸಿದ. 1930ರ ದಶಕದಲ್ಲಿ ಸಲ್ಫಾ ಮಾತ್ರೆಗಳು ಬಂದವು; ಹತ್ತು ವರ್ಷಗಳಲ್ಲೇ ಅವು ಸೋತವು. ಆಮೇಲೆ ಪೆನಿಸಿಲಿನ್. ಮೊದಮೊದಲು ಚೂರು ಪ್ರಮಾಣ ಸಾಕಾಗುತ್ತಿತ್ತು, ವರ್ಷ ಕಳೆದಂತೆ ಪ್ರಮಾಣ ಏರಿಸುತ್ತಾ ಹೋಗಬೇಕಾಯಿತು, 1976ರಲ್ಲಿ ಪೆನಿಸಿಲಿನ್ನನ್ನೇ ಕತ್ತರಿಸಿ ಹಾಕುವ ಕಿಣ್ವ ಹೊತ್ತ ತಳಿಗಳು ಕಾಣಿಸಿದವು. ನಂತರ ಸಿಪ್ರೊಫ್ಲಾಕ್ಸಾಸಿನ್, ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2007ರಲ್ಲಿ ಅದನ್ನು ಗೊನೊರಿಯಾದ ಪಟ್ಟಿಯಿಂದ ಕೈಬಿಟ್ಟಿತು. 2012ರಲ್ಲಿ ಸೆಫಿಕ್ಸಿಮ್ ಮಾತ್ರೆಯನ್ನು ಮೊದಲ ಆಯ್ಕೆಯ ಸ್ಥಾನದಿಂದ ಇಳಿಸಿತು. 2018ರಲ್ಲಿ ಇಂಗ್ಲೆಂಡಿನ ಒಬ್ಬ ರೋಗಿಗೆ ಆಗ್ನೇಯ ಏಷ್ಯಾದಿಂದ ತಂದ ಸೋಂಕು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್‌ಗೂ ಅಜಿತ್ರೊಮೈಸಿನ್‌ಗೂ ಬಗ್ಗಲಿಲ್ಲ. ಆಸ್ಪತ್ರೆಗಳಲ್ಲಿ ತೀವ್ರ ಸೋಂಕಿಗೆಂದು ಎತ್ತಿಟ್ಟುಕೊಳ್ಳುವ ಅರ್ಟಪೆನೆಮ್ ಕೊಟ್ಟು ವಾಸಿ ಮಾಡಬೇಕಾಯಿತು. ಔಷಧಕ್ಕೆ ಬಗ್ಗದಿರುವ ಈ ವಿದ್ಯೆಯನ್ನು ಗೊನೊರಿಯಾದ ರೋಗಾಣು ಕಲಿಯುವ ಒಂದು ಜಾಗ ನಮ್ಮ ಗಂಟಲು. ಅಲ್ಲಿ ನಿರುಪದ್ರವಿಯಾಗಿ ವಾಸಿಸುವ ಅದರದೇ ದಾಯಾದಿ ಬ್ಯಾಕ್ಟೀರಿಯಾಗಳಿವೆ. ಕೆಮ್ಮಿಗೆ, ನೆಗಡಿಗೆ ನಾವು ನುಂಗಿದ ಆ್ಯಂಟಿಬಯೋಟಿಕ್‌ಗಳಿಂದ ಅವು ಪಾಠ ಕಲಿತಿರುತ್ತವೆ. ಬಾಯಿಯ ಮೂಲಕ ಅಲ್ಲಿಗೆ ಬಂದ ಗೊನೊರಿಯಾ ಅವುಗಳಿಂದ ವಂಶವಾಹಿಯ ತುಣುಕುಗಳನ್ನು ಎತ್ತಿಕೊಂಡು ತನ್ನದಾಗಿಸಿಕೊಳ್ಳುತ್ತದೆ.

ಈಗ ನಿಮ್ಮ ಕೈಯಲ್ಲಿರುವ ವರದಿ. ಅದನ್ನು ಮಡಿಸಿ ಬದಿಗಿಡಿ. ಸಾಮಾನ್ಯ ಮೂತ್ರ ಕಲ್ಚರ್‌ಗೆ (ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ) ಮಧ್ಯದ ಧಾರೆಯನ್ನು ಹಿಡಿಯಲು ಹೇಳುತ್ತಾರೆ, ಏಕೆಂದರೆ ಅಲ್ಲಿ ಹುಡುಕುತ್ತಿರುವುದು ಮೂತ್ರಕೋಶದ ಸೋಂಕನ್ನು. ನಿಮ್ಮ ಸೋಂಕು ಇರುವುದು ಮೂತ್ರ ಹೊರಬರುವ ನಾಳದ ಗೋಡೆಯಲ್ಲಿ. ಅದು ಕೊಚ್ಚಿಕೊಂಡು ಬರುವುದು ಮೊದಲ ಧಾರೆಯಲ್ಲಿ. ಮೊದಲ ಧಾರೆಯನ್ನು ಚೆಲ್ಲಿ ಮಧ್ಯದ್ದನ್ನು ಕೊಟ್ಟರೆ ಕಳ್ಳ ಓಡಿಹೋದ ಮೇಲೆ ಬಾಗಿಲು ಹಾಕಿ ಮನೆ ಹುಡುಕಿದಂತೆ. ಅಷ್ಟೇ ಅಲ್ಲ, ಸಾಮಾನ್ಯ ಕಲ್ಚರ್ ತಟ್ಟೆಯಲ್ಲಿ ಗೊನೊರಿಯಾ ಬೆಳೆಯುವುದಿಲ್ಲ, ಅದಕ್ಕೆ ವಿಶೇಷ ಪೋಷಕದ್ರವ್ಯ ಬೇಕು. ಕ್ಲಮಿಡಿಯಾ ಜೀವಕೋಶದ ಒಳಗೆ ಮಾತ್ರ ಬೆಳೆಯುವುದರಿಂದ ಯಾವ ತಟ್ಟೆಯಲ್ಲೂ ಬೆಳೆಯದು. ‘ಬೆಳವಣಿಗೆ ಇಲ್ಲ’ ಎಂಬ ಎರಡು ಪದ ಎಷ್ಟು ಜನರನ್ನು ಸುಳ್ಳು ನೆಮ್ಮದಿಯಲ್ಲಿ ಮನೆಗೆ ಕಳಿಸಿದೆಯೋ ಲೆಕ್ಕವಿಲ್ಲ.

ನಿಮಗೆ ಬೇಕಾದ ಪರೀಕ್ಷೆಗಳು ಬೇರೆ. ಮೊದಲನೆಯದು ಅಗ್ಗದ್ದು, ಹಳೆಯದು: ನಾಳದ ತುದಿಯ ಸ್ರಾವವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ‘ಗ್ರಾಂ’ ಎಂಬ ವಿಧಾನದಲ್ಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಗೊನೊರಿಯಾ ಇದ್ದರೆ ಬಿಳಿರಕ್ತಕಣಗಳ ಹೊಟ್ಟೆಯೊಳಗೆ ಎರಡೆರಡು ಕಾಫಿ ಬೀಜಗಳನ್ನು ಎದುರುಬದುರಾಗಿ ಜೋಡಿಸಿದಂತೆ ಗುಲಾಬಿ ಚುಕ್ಕೆಗಳು ಕಾಣುತ್ತವೆ. ಕೀವು ಸುರಿಯುತ್ತಿರುವ ಗಂಡಸರಲ್ಲಿ ಈ ಪರೀಕ್ಷೆ ನೂರಕ್ಕೆ 95ಕ್ಕೂ ಹೆಚ್ಚು ಸಲ ಸರಿಯಾಗಿಯೇ ಹೇಳುತ್ತದೆ. ಎರಡನೆಯದು ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್ ಜಾತಿಯ ಪರೀಕ್ಷೆ. ಮೊದಲ ಧಾರೆಯ ಮೂತ್ರದಲ್ಲಿ ಗೊನೊರಿಯಾ, ಕ್ಲಮಿಡಿಯಾ ಎರಡನ್ನೂ ಹುಡುಕುತ್ತದೆ. ಖಾಸಗಿ ಪ್ರಯೋಗಾಲಯಗಳಲ್ಲಿ ಅದರ ಬೆಲೆ ಹೆಚ್ಚು, ಎಲ್ಲ ಊರುಗಳಲ್ಲೂ ಸಿಗುವುದಿಲ್ಲ. ಮೂರನೆಯದು ಗೊನೊರಿಯಾಕ್ಕೆಂದೇ ಮಾಡುವ ಕಲ್ಚರ್. ಒಮ್ಮೆ ಔಷಧ ತೆಗೆದುಕೊಂಡೂ ವಾಸಿಯಾಗದ ನಿಮ್ಮಂಥವರಲ್ಲಿ ಅದು ಮುಖ್ಯ, ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆ ಎಂದು ಹೇಳುವುದು ಅದೊಂದೇ. ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರವಿದ್ದರೆ ಕೇಳಿ ನೋಡಿ.

ಚಿಕಿತ್ಸೆಗೆ ಬರೋಣ. ಪ್ರಮಾಣಗಳನ್ನು ಬರೆಯುತ್ತಿರುವುದು ನೀವು ಅಂಗಡಿಗೆ ಹೋಗಿ ಕೊಳ್ಳಲಿ ಎಂದಲ್ಲ. ವೈದ್ಯರು ಏನು ಬರೆಯುತ್ತಾರೆ, ಏಕೆ ಬರೆಯುತ್ತಾರೆ ಎಂದು ನಿಮಗೆ ಅರ್ಥವಾಗಲಿ ಎಂದು. ಗೊನೊರಿಯಾಕ್ಕೆ ಇಂದು ಹೆಚ್ಚು ನೆಚ್ಚಬಹುದಾದದ್ದು ಸೆಫ್ಟ್ರಿಯಾಕ್ಸೋನ್, ಸ್ನಾಯುವಿಗೆ ಒಂದೇ ಇಂಜೆಕ್ಷನ್. ಅಮೆರಿಕದವರು 500 ಮಿಲಿಗ್ರಾಂ ಎನ್ನುತ್ತಾರೆ, ಬ್ರಿಟನ್ನಿನವರು 1 ಗ್ರಾಂ. ಎರಡರ ಹಿಂದಿನ ತರ್ಕ ಒಂದೇ: ರೋಗಾಣುವನ್ನು ಕೊಲ್ಲಬಲ್ಲ ಮಟ್ಟಕ್ಕಿಂತ ಮೇಲೆ ಔಷಧ ರಕ್ತದಲ್ಲಿ ಸುಮಾರು ಒಂದು ದಿನ ನಿಲ್ಲಬೇಕು. ಅರ್ಧ ಪ್ರಮಾಣ ಕೊಟ್ಟರೆ ಮೆತ್ತಗಿನವು ಸಾಯುತ್ತವೆ, ಗಟ್ಟಿಯಾದವು ಉಳಿದು ಬೆಳೆಯುತ್ತವೆ. ನೋವಾಗದಂತೆ ಲಿಗ್ನೊಕೇನ್ ಬೆರೆಸಿ ಕೊಡುತ್ತಾರೆ, ಹೆದರಬೇಡಿ. ಆದರೆ ಹಿಂದೆ ಪೆನಿಸಿಲಿನ್ ಅಥವಾ ಅದರ ಬಳಗದ ಔಷಧದಿಂದ ಮೈಯೆಲ್ಲ ದದ್ದು, ಉಸಿರುಕಟ್ಟುವಿಕೆ ಆಗಿದ್ದರೆ ಮೊದಲೇ ಹೇಳಿ.

ಕ್ಲಮಿಡಿಯಾಕ್ಕೆ ಈ ಇಂಜೆಕ್ಷನ್‌ನಿಂದ ಪ್ರಯೋಜನವಿಲ್ಲ. ಅದು ನಮ್ಮ ಜೀವಕೋಶದೊಳಗೆ ಅಡಗಿ, ಎರಡು ಮೂರು ದಿನಗಳ ಒಂದು ಸುತ್ತಿನಲ್ಲಿ ಬೆಳೆದು ಹೊರಬರುತ್ತದೆ. ಆದ್ದರಿಂದ ಜೀವಕೋಶದೊಳಗೆ ನುಗ್ಗುವ ಔಷಧ ಬೇಕು, ಅದೂ ಒಂದೆರಡು ಸುತ್ತುಗಳನ್ನು ದಾಟುವಷ್ಟು ದಿನ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ, ಏಳು ದಿನ ಎಂಬ ಲೆಕ್ಕ ಹುಟ್ಟಿದ್ದು ಹೀಗೆ. ಮೂರನೆಯ ದಿನ ಉರಿ ನಿಂತಿತೆಂದು ಉಳಿದ ಎಂಟು ಮಾತ್ರೆಗಳನ್ನು ಮೇಜಿನ ಖಾನೆಗೆ ಹಾಕಬೇಡಿ. ಊಟದ ನಂತರ, ದೊಡ್ಡ ಲೋಟ ನೀರಿನೊಂದಿಗೆ, ಕುಳಿತೇ ನುಂಗಿ; ನುಂಗಿ ಕೂಡಲೇ ಮಲಗಿದರೆ ಮಾತ್ರೆ ಅನ್ನನಾಳಕ್ಕೆ ಅಂಟಿ ಹುಣ್ಣು ಮಾಡುತ್ತದೆ. ಹಾಲು, ಆ್ಯಂಟಾಸಿಡ್, ಕಬ್ಬಿಣದ ಮಾತ್ರೆಗಳ ಜೊತೆ ಬೇಡ, ಅವು ಔಷಧವನ್ನು ಹಿಡಿದಿಟ್ಟುಕೊಂಡುಬಿಡುತ್ತವೆ. ಬಿಸಿಲಿನಲ್ಲಿ ಓಡಾಡುವ ಕೆಲಸವಾದರೆ ಮೈ ಮುಚ್ಚುವ ಬಟ್ಟೆ ಹಾಕಿ. ಕೆಲವರ ಚರ್ಮ ಬೇಗ ಸುಡುತ್ತದೆ.

ಸರ್ಕಾರಿ ಜಿಲ್ಲಾ ಆಸ್ಪತ್ರೆಗೆ ಹೋದರೆ ನಿಮಗೆ ಬೂದು ಬಣ್ಣದ ಒಂದು ಪೊಟ್ಟಣ ಸಿಗಬಹುದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಾರ್ಯಕ್ರಮದಲ್ಲಿ ಅದು ಒಂದನೆಯ ಕಿಟ್: ಸೆಫಿಕ್ಸಿಮ್ 400 ಮಿಲಿಗ್ರಾಂ, ಅಜಿತ್ರೊಮೈಸಿನ್ 1 ಗ್ರಾಂ, ಎರಡೂ ಒಂದೇ ಸಲಕ್ಕೆ, ಸಾಧ್ಯವಾದಷ್ಟೂ ಸಿಬ್ಬಂದಿಯ ಎದುರಿನಲ್ಲೇ. ಪ್ರಯೋಗಾಲಯ ಇಲ್ಲದ ಕಡೆ ಲಕ್ಷಣವನ್ನು ನೋಡಿಯೇ ಎರಡೂ ಸೋಂಕುಗಳಿಗೆ ಒಟ್ಟಿಗೆ ಚಿಕಿತ್ಸೆ ಕೊಡುವ ಈ ಪದ್ಧತಿಯನ್ನು ಕೆಲವು ವೈದ್ಯರು ಹಗುರವಾಗಿ ನೋಡುತ್ತಾರೆ. ನಾನು ನೋಡುವುದಿಲ್ಲ. ಪರೀಕ್ಷೆಯ ದುಡ್ಡಿಲ್ಲದೆ, ಮತ್ತೆ ಬರುವ ಭರವಸೆಯೂ ಇಲ್ಲದ ಲಾರಿ ಚಾಲಕನಿಗೆ, ಗಾರೆ ಕೆಲಸದವನಿಗೆ ಆ ಪೊಟ್ಟಣ ದೊಡ್ಡ ಉಪಕಾರ ಮಾಡಿದೆ. ಆದರೆ ಸೆಫಿಕ್ಸಿಮ್ ರಕ್ತದಲ್ಲಿ ಇಂಜೆಕ್ಷನ್‌ನಷ್ಟು ಎತ್ತರಕ್ಕೆ ಏರುವುದಿಲ್ಲ, ಅಷ್ಟು ಹೊತ್ತು ನಿಲ್ಲುವುದೂ ಇಲ್ಲ. ಒಮ್ಮೆ ಅರೆಬರೆ ಚಿಕಿತ್ಸೆಯಾಗಿ ಐದು ವಾರ ಕಳೆದಿರುವ ನಿಮ್ಮ ವಿಷಯದಲ್ಲಿ ನಾನಾದರೆ ಮಾದರಿ ತೆಗೆದು, ಇಂಜೆಕ್ಷನ್ ಮತ್ತು ಡಾಕ್ಸಿಸೈಕ್ಲಿನ್ ಹಿಡಿಯುತ್ತೇನೆ.

ಇಷ್ಟಾದರೂ ಹನಿ ನಿಲ್ಲದಿದ್ದರೆ? ಮೊದಲು ಒಂದು ಪ್ರಶ್ನೆ, ಸಂಕೋಚವಿಲ್ಲದೆ ಉತ್ತರಿಸಿಕೊಳ್ಳಿ: ದಿನಕ್ಕೆ ಎಷ್ಟು ಸಲ ಹಿಂಡಿ ನೋಡುತ್ತಿದ್ದೀರಿ? ಹೆದರಿದ ಗಂಡಸರು ಬಚ್ಚಲಿಗೆ ಹೋದಾಗಲೆಲ್ಲ ಹಾಲು ಕರೆದಂತೆ ಹಿಂಡಿ ಪರೀಕ್ಷಿಸುತ್ತಾರೆ. ಆ ಹಿಂಡಾಟವೇ ನಾಳವನ್ನು ಕೆರಳಿಸಿ ಹನಿ ತರಿಸುತ್ತದೆ. ಎರಡು ವಾರ ಮುಟ್ಟಬೇಡಿ. ಆಮೇಲೂ ಇದ್ದರೆ ಮೈಕೊಪ್ಲಾಸ್ಮಾ ಜೆನಿಟೇಲಿಯಂ ಎಂಬ ಇನ್ನೊಂದು ಜೀವಿಯನ್ನು ನೆನೆಯಬೇಕು. ಅದಕ್ಕೆ ಕೋಶಗೋಡೆಯೇ ಇಲ್ಲ, ಆದ್ದರಿಂದ ಗೋಡೆ ಒಡೆಯುವ ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್‌ಗಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಡಾಕ್ಸಿಸೈಕ್ಲಿನ್ ಏಳು ದಿನ ಕೊಟ್ಟು ಸಂಖ್ಯೆ ತಗ್ಗಿಸಿ, ನಂತರ ಮಾಕ್ಸಿಫ್ಲಾಕ್ಸಾಸಿನ್ ಏಳು ದಿನ ಕೊಡುವ ಕ್ರಮವಿದೆ. ಆದರೆ ಅದು ಕ್ಷಯಕ್ಕೂ ಬಳಸುವ ಔಷಧ. ನಮ್ಮ ದೇಶದಲ್ಲಿ ಸುಮ್ಮನೆ ಕೊಟ್ಟರೆ ಒಳಗಿರುವ ಕ್ಷಯ ಮರೆಯಾಗಿ ಕೂರಬಹುದು. ಟ್ರೈಕೊಮೊನಾಸ್ ಇದ್ದರೆ ಮೆಟ್ರೊನಿಡಜೋಲ್. ಇವೆಲ್ಲ ತಜ್ಞರ ಕೈಯಲ್ಲಿ ಆಗಬೇಕಾದ ಕೆಲಸ.

ಇಲ್ಲಿ ಇನ್ನೊಂದು ಮಾತು, ಇದು ನಿಮಗಿಂತ ಬೇರೆ ಓದುಗರಿಗೆ. ಉರಿಮೂತ್ರವಾದರೆ ‘ಉಷ್ಣ’ ಎಂದು ಎಳನೀರು, ಬಾರ್ಲಿ ನೀರು ಕುಡಿದು ವಾರಗಟ್ಟಲೆ ಕಾಯುವವರಿದ್ದಾರೆ. ಎಳನೀರು ಕುಡಿಯಿರಿ, ಮೂತ್ರ ತಿಳಿಯಾಗಿ ಉರಿ ಸ್ವಲ್ಪ ತಗ್ಗುತ್ತದೆ, ಅಷ್ಟೇ. ಇನ್ನು, ಮಲವಿಸರ್ಜನೆಗೆ ತಿಣುಕಿದಾಗ ನೋವಿಲ್ಲದೆ ಬರುವ ಲೋಳೆಯನ್ನು ಕಂಡು ‘ಧಾತು ಹೋಗುತ್ತಿದೆ’ ಎಂದು ಗೋಡೆಬರಹದ ಗುಪ್ತರೋಗ ವೈದ್ಯರ ಬಳಿ ಸಾವಿರಾರು ರೂಪಾಯಿ ಸುರಿಯುವ ಹುಡುಗರಿದ್ದಾರೆ. ಅದಕ್ಕೆ ಆ್ಯಂಟಿಬಯೋಟಿಕ್ ಬೇಡ, ಲೇಹ್ಯವೂ ಬೇಡ.

ಈಗ ನಿಮ್ಮ ಹೆಂಡತಿ. ನೀವು ವಿಟಮಿನ್ ಎಂದು ಹೇಳಿ ಮಾತ್ರೆ ಕೊಟ್ಟಿರಿ ಎಂದುಕೊಳ್ಳೋಣ. ಯಾವ ಮಾತ್ರೆ? ನಿಮಗೆ ಕೊಡುವ ಡಾಕ್ಸಿಸೈಕ್ಲಿನ್ ಏಳು ತಿಂಗಳ ಗರ್ಭಿಣಿಗೆ ಕೂಡದು, ಮಗುವಿನ ಬೆಳೆಯುವ ಹಲ್ಲು, ಮೂಳೆಗಳಲ್ಲಿ ಸೇರಿಕೊಳ್ಳುತ್ತದೆ. ಮಾಕ್ಸಿಫ್ಲಾಕ್ಸಾಸಿನ್ ಕೂಡದು. ಅವರಿಗೆ ಹೊಂದುವ ಚಿಕಿತ್ಸೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಮತ್ತು 1 ಗ್ರಾಂ ಅಜಿತ್ರೊಮೈಸಿನ್. ಎರಡೂ ಗರ್ಭಿಣಿಯರಿಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ಔಷಧಗಳು. ಇಂಜೆಕ್ಷನ್ನನ್ನು ವಿಟಮಿನ್ ಎಂದು ಹೇಗೆ ಕೊಡುತ್ತೀರಿ? ಅವರಿಗೆ ಯಾವ ಔಷಧ ಒಗ್ಗದು ಎಂದು ನಿಮಗೆ ಗೊತ್ತೇ? ಕೊಟ್ಟ ನಂತರ ಕ್ಲಮಿಡಿಯಾ ಹೋಗಿದೆಯೇ ಎಂದು ಗರ್ಭಿಣಿಯರಲ್ಲಿ ಸುಮಾರು ನಾಲ್ಕು ವಾರಗಳಿಗೆ ಮತ್ತೆ ಪರೀಕ್ಷಿಸಬೇಕು, ಅದನ್ನು ಯಾವ ನೆಪದಲ್ಲಿ ಮಾಡಿಸುತ್ತೀರಿ? ಇಷ್ಟಲ್ಲದೆ ಅದು ಅವರ ಮೈ. ಒಳಗೆ ಏನು ಹೋಗುತ್ತಿದೆ ಎಂದು ತಿಳಿಯುವ ಹಕ್ಕು ಅವರದು.

ಅವರಿಗೆ ಏನೂ ತೊಂದರೆಯಿಲ್ಲ, ಹಾಗಾಗಿ ತಗುಲಿರಲಿಕ್ಕಿಲ್ಲ ಎಂದು ನೀವು ಯೋಚಿಸುತ್ತಿರಬಹುದು. ಗಂಡಸರಲ್ಲಿ ಕೀವು ಕೂಗಿ ಹೇಳುತ್ತದೆ. ಹೆಂಗಸರಲ್ಲಿ ಈ ಎರಡೂ ಸೋಂಕು ಗರ್ಭಕೋಶದ ಕೊರಳಿನಲ್ಲಿ ಸದ್ದಿಲ್ಲದೆ ಕುಳಿತಿರುವುದೇ ಹೆಚ್ಚು. ಇದ್ದರೂ ಸ್ವಲ್ಪ ಬಿಳಿಸೆರಗು, ಬಸುರಿಗೆ ಸಹಜ ಎಂದು ಮನೆಯವರು ತಳ್ಳಿಹಾಕುವಂಥದ್ದು. ತಾಯಿ ಕಾರ್ಡ್ ತೆಗೆದು ನೋಡಿದರೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯ ಫಲಿತಾಂಶ ಇರುತ್ತದೆ. ಗೊನೊರಿಯಾ, ಕ್ಲಮಿಡಿಯಾ ಪರೀಕ್ಷೆ ನಮ್ಮಲ್ಲಿ ಬಸುರಿಯರಿಗೆ ವಾಡಿಕೆಯಂತೆ ಮಾಡುವುದಿಲ್ಲ. ಅಲ್ಲದೆ ಆ ಕಾರ್ಡಿನ ಪರೀಕ್ಷೆಗಳು ನಿಮ್ಮ ಈ ಘಟನೆಗಿಂತ ಹಿಂದಿನವು. ಸಿಫಿಲಿಸ್ ಮತ್ತು ಎಚ್‌ಐವಿಯನ್ನು ಈಗ ಮತ್ತೆ ನೋಡಬೇಕು.

ಚಿಕಿತ್ಸೆಯಾಗದೆ ಹೆರಿಗೆಯಾದರೆ ಮಗು ಅದೇ ದಾರಿಯಲ್ಲಿ ಹೊರಬರುತ್ತದೆ. ಗೊನೊರಿಯಾ ಇದ್ದರೆ ಎರಡರಿಂದ ಐದು ದಿನಗಳೊಳಗೆ ಕೂಸಿನ ರೆಪ್ಪೆ ಊದಿ, ಕಣ್ಣು ಬಿಡಿಸಿದರೆ ಕೀವು ಚಿಮ್ಮುತ್ತದೆ. ತಡವಾದರೆ ಕಣ್ಣಿನ ಪಾರದರ್ಶಕ ಪದರ ತೂತಾಗಿ ದೃಷ್ಟಿಯೇ ಹೋಗಬಹುದು. 1880ರ ಸುಮಾರಿನಲ್ಲಿ ಲೈಪ್‌ಜಿಗ್‌ನ ಹೆರಿಗೆ ವೈದ್ಯ ಕಾರ್ಲ್ ಕ್ರೆಡೆ ಹುಟ್ಟಿದ ಕೂಸುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಲು ಶುರುಮಾಡಿದ್ದು ಇದೇ ಕುರುಡನ್ನು ತಡೆಯಲು. ಕ್ಲಮಿಡಿಯಾ ಆದರೆ ಕಣ್ಣಿಗೆ ಸ್ವಲ್ಪ ತಡವಾಗಿ ಬರುತ್ತದೆ, ಒಂದರಿಂದ ಮೂರು ತಿಂಗಳ ಕೂಸಿಗೆ ನ್ಯುಮೋನಿಯಾ ತರಬಲ್ಲದು. ಅವಧಿಗೆ ಮೊದಲೇ ನೀರು ಒಡೆಯುವ, ದಿನ ತುಂಬದೆ ಹೆರಿಗೆಯಾಗುವ ಅಪಾಯವೂ ಇದೆ. ನಿಮ್ಮ ಕೈಯಲ್ಲಿ ಸುಮಾರು ಎರಡು ತಿಂಗಳಿವೆ; ಇದನ್ನೆಲ್ಲ ತಪ್ಪಿಸಲು ಬೇಕಾದಷ್ಟು ಸಮಯ.

ಹೇಗೆ ಹೇಳುವುದು ಎಂಬುದಕ್ಕೆ ನನ್ನಲ್ಲಿ ಸಿದ್ಧ ಮಾತುಗಳಿಲ್ಲ. ಅತ್ತೆ ಮಾವ ಇರುವ ಮನೆಯ ಪಡಸಾಲೆಯಲ್ಲಿ ಕುಳಿತು, ಅಥವಾ ಫೋನಿನಲ್ಲಿ ಹೇಳಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗ ಚಿಕಿತ್ಸಾಲಯಗಳಿವೆ, ಅಲ್ಲಿ ಆಪ್ತಸಮಾಲೋಚಕರಿದ್ದಾರೆ. ಇಬ್ಬರೂ ಒಟ್ಟಿಗೆ ಹೋಗಿ, ಅವರ ಎದುರಿನಲ್ಲಿ ಹೇಳುವವರನ್ನು ನೋಡಿದ್ದೇನೆ. ಮಾತು ಎಲ್ಲಿ ಮುರಿಯುತ್ತದೆ, ಎಲ್ಲಿ ಹಿಡಿಯಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ಮೊದಲು ನೀವೊಬ್ಬರೇ ಮಾತಾಡಬೇಕೆನಿಸಿದರೆ ಏಡ್ಸ್ ಸಹಾಯವಾಣಿ 1097ಕ್ಕೆ ಹೆಸರು ಹೇಳದೆ ಕರೆ ಮಾಡಬಹುದು. ವಿಷಯ ತಿಳಿದರೆ ನಿಮ್ಮ ಹೆಂಡತಿಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಹೆರಿಗೆಯಾದ ಮೇಲೆ ಮಕ್ಕಳ ವೈದ್ಯರ ಬಾಯಿಂದ ಗೊತ್ತಾದರೆ ಬರುವ ಸಿಟ್ಟು ಬೇರೆ. ಆ ಪರಸ್ಥಳದ ಗೆಳತಿಗೂ ತಿಳಿಸಿ. ಕಳೆದ 60 ದಿನಗಳಲ್ಲಿ ನಿಮ್ಮೊಂದಿಗೆ ಕೂಡಿದ ಪ್ರತಿಯೊಬ್ಬರಿಗೂ ಚಿಕಿತ್ಸೆ ಬೇಕು. ಆಕೆಯಿಂದ ನಿಮಗೆ ಬಂತೆಂದು ಜಗಳ ತೆಗೆಯಬೇಡಿ, ಆಕೆಗೂ ಗೊತ್ತಿದ್ದಿರಲಿಕ್ಕಿಲ್ಲ.

ಇಬ್ಬರದೂ ಚಿಕಿತ್ಸೆ ಮುಗಿಯಬೇಕು. ಒಂದೇ ಸಲದ ಔಷಧವಾದರೆ ಅದಾಗಿ ಏಳು ದಿನ ಕಳೆಯಬೇಕು. ಅಲ್ಲಿಯವರೆಗೆ ಯಾರೊಂದಿಗೂ ಸಂಪರ್ಕ ಬೇಡ, ಕಾಂಡೋಮ್ ಇದ್ದರೂ ಬೇಡ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ ಸೋಂಕು ಪಿಂಗ್‌ಪಾಂಗ್ ಚೆಂಡಿನಂತೆ ಆಚೀಚೆ ಓಡಾಡುತ್ತದೆ. ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ, ಎಚ್‌ಐವಿ ಮತ್ತು ಸಿಫಿಲಿಸ್‌ಗೂ ಆಗ ಇನ್ನೊಮ್ಮೆ. ಈ ನಡುವೆ ವೃಷಣ ಊದಿ ನೋವು, ಜ್ವರ, ಮಂಡಿ ಅಥವಾ ಮಣಿಕಟ್ಟಿನ ಊತ, ಮೈಮೇಲೆ ಕೀವುಗುಳ್ಳೆ, ಕಣ್ಣು ಕೆಂಪಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯಬೇಡಿ. ವೃಷಣದ ನೋವು ಒಮ್ಮೆಲೇ ತಡೆಯಲಾರದಷ್ಟು ಬಂದರೆ ಅದು ಸೋಂಕಲ್ಲದೆ ವೃಷಣವೇ ತಿರುಚಿಕೊಂಡದ್ದೂ ಇರಬಹುದು, ಅದರ ಚಿಕಿತ್ಸೆಗೆ ಗಂಟೆಗಳ ಲೆಕ್ಕ.

ನಾಳೆ ಬೆಳಗ್ಗೆಯೇ ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗಕ್ಕೆ ಹೋಗಿ. ಹೋಗುವ ಮೊದಲು ಕನಿಷ್ಠ ಒಂದು ಗಂಟೆ, ಸಾಧ್ಯವಾದರೆ ಎದ್ದಾಗಿನಿಂದ, ಮೂತ್ರ ಮಾಡಬೇಡಿ. ಆ ಒಂದು ಹನಿ ನಾಳೆ ಬೇಕಾಗುತ್ತದೆ. ಔಷಧ ಅಂಗಡಿಯ ಮಾತ್ರೆಯ ಖಾಲಿ ಪಟ್ಟಿ ಇನ್ನೂ ಇದ್ದರೆ ಜೇಬಿನಲ್ಲಿಟ್ಟುಕೊಳ್ಳಿ, ವೈದ್ಯರು ಕೇಳುತ್ತಾರೆ.